ಅಷ್ಟೂರಿನಲ್ಲಿ ಒಂದು ತುಂಡು ಬಿಸಿಲು

ಮೊದಲು ಏನೂ ಕಾಣುವುದಿಲ್ಲ.
ಹೊರಗೆ ಮೇ ತಿಂಗಳು, ಒಳಗೆ ಬಾವಲಿ ವಾಸನೆಯ ತಂಪು,
ಕಣ್ಣು ಇನ್ನೂ ಡಾಂಬರು ರಸ್ತೆಯಲ್ಲೇ ನಿಂತಿದೆ.
ಜೈತುನ್‌ಬೀ ಬಾಗಿಲಿಗೆ ಹೋಗಿ
ಸೆರಗಿನಿಂದ ಕನ್ನಡಿ ಒರೆಸುತ್ತಾಳೆ,
ಅಲ್ಮೇರಾದ ಬಾಗಿಲಿನದು, ಒಂದು ಮೂಲೆ ಒಡೆದದ್ದು.
ಬಿಸಿಲನ್ನು ಅದರಲ್ಲಿ ಹಿಡಿದು
ಮೇಲಕ್ಕೆ ಎಸೆಯುತ್ತಾಳೆ.

ಕೆಂಪು!

ಇಂಗಳೀಕದ ಕೆಂಪು, ಅದರ ಮೇಲೆ ಬಂಗಾರ,
ಬಳ್ಳಿಯೊಳಗೆ ಬಳ್ಳಿ ಹೊಕ್ಕು ಹೊರಡುವ ದಾರಿ ಮರೆತದ್ದು.
ಕನ್ನಡಿ ಸರಿದರೆ ಅದೆಲ್ಲ ಇಲ್ಲ,
ಪಕ್ಕದಲ್ಲಿ ನೀಲಿ ಎದ್ದು ಕೂತಿದೆ.
ಗುಮ್ಮಟ ಇಡೀ ಒಮ್ಮೆಗೆ ಯಾರಿಗೂ ಸಿಕ್ಕಿಲ್ಲ.
ರೊಟ್ಟಿಯಷ್ಟು, ರೊಟ್ಟಿಯಷ್ಟೇ ಹರಿದು ಕೊಡುತ್ತಾಳೆ.

ನಾನು ಪೇಂಟರು. ಮೂವತ್ತೆಂಟು ವರ್ಷ
ಬೀದರಿನ ಗೋಡೆಗೆ, ಶಟರಿಗೆ, ಹಾಲಿನ ಟ್ಯಾಂಕರಿಗೆ ಕುಂಚ ಹಿಡಿದವನು.
'ಕಾಶಿ ಆರ್ಟ್ಸ್' ಅಂತ ಬಲಮೂಲೆಯಲ್ಲಿ ಸಣ್ಣಗೆ;
ಚೌಬಾರಾದ ಹತ್ತಿರ ಹಲ್ಲಿನ ಡಾಕ್ಟರರ ಬೋರ್ಡಿನಲ್ಲಿ
'ಶಿ'ಯ ಗುಡಿಸು ಮಾತ್ರ ಉಳಿದಿದೆ.
ಬಣ್ಣದ ಗುಣ ನನಗೆ ಗೊತ್ತು. ಅದು ಕೆಳಗೆ ಇಳಿಯುತ್ತದೆ.
ತಲೆ ಎತ್ತಿ ಬಳಿದರೆ ಮೊಣಕೈಗೆ, ಕಂಕುಳಿಗೆ, ಕಣ್ಣಿಗೆ.
ಇಲ್ಲಿ ಸುಮಾರು ಆರುನೂರು ವರ್ಷದ ಕೆಂಪು,
ಒಂದು ಹನಿ ಜಾರಿಲ್ಲ.
ಆ ಮನುಷ್ಯ ಎಷ್ಟು ದಿನ ಬೆನ್ನ ಮೇಲೆ ಮಲಗಿದ್ದ?
ಕೆಳಗಿನಿಂದ ಅವನಿಗೆ ಚಹಾ ಯಾರು ಏರಿಸುತ್ತಿದ್ದರು?

ಅಂಚಿನ ಅಕ್ಷರ ನನಗೆ ಓದಲು ಬಾರದು.
ನಾಲ್ಕು ಲಿಪಿ ಬರೆದೆ, ಓದಬಲ್ಲದ್ದು ಎರಡು.
ಉಳಿದವನ್ನು ಚೀಟಿ ನೋಡಿ, ಆಕಾರ ನೋಡಿ ಇಳಿಸುತ್ತಿದ್ದೆ.
ಆದರೆ ಅಕ್ಷರದ ಬೆನ್ನು ಎಲ್ಲಿ, ಹೊಟ್ಟೆ ಎಲ್ಲಿ,
ಬರೆಯುವವ ಎಲ್ಲಿ ಉಸಿರು ಬಿಗಿಹಿಡಿದ, ಎಲ್ಲಿ ಬಿಟ್ಟ,
ಅದು ಕಾಣುತ್ತದೆ.

"ಇನ್ನೊಂದ್ ಸ್ವಲ್ಪ ಎಡಕ್ಕ" ಅಂದೆ.
ಸಿಕ್ಕಿತು.
ಎಂಟು ಎಸಳಿನ ಹೂಗಳ ನಡುವೆ ಒಂದು, ಏಳು ಎಸಳಿನದು.
ಎಂಟನೆಯದಕ್ಕೆ ಜಾಗ ಸಾಲದೆ ಎಲೆ ತಿದ್ದಿ ಮುಚ್ಚಿದ್ದಾನೆ.
ನಾನೂ ಹೀಗೇ ಮಾಡುತ್ತಿದ್ದೆನಲ್ಲ ಮಾರಾಯಾ!
ಆ ಕತ್ತಲಲ್ಲಿ ನಾನು ಒಬ್ಬನೇ ನಕ್ಕೆ.

ಒಮ್ಮೆ ಸನ್ನತಿಯ ಕಡೆ ಶಾಲೆಯ ಹೆಸರು ಬರೆಯಲು ಹೋಗಿ
ಭೀಮೆಯ ದಂಡೆಯ ಹಳೆಗಲ್ಲು ನೋಡಿದ್ದೆ:
ಖಾಲಿ ಪೀಠ, ಎರಡು ಪಾದ, ಸುತ್ತ ಕೈಮುಗಿದ ಜನ.
"ಬುದ್ಧ ಎಲ್ಲ್ಯಪ್ಪಾ?" ಕುರಿಯ ಹುಡುಗನನ್ನು ಕೇಳಿದೆ.
"ಈಗಷ್ಟ ಎದ್ದು ಹೋಗ್ಯಾನ್ ನೋಡ್ರಿ."
ನಾನೋ ಮುಖ ಬರೆದು ಹೊಟ್ಟೆ ಹೊರೆದವನು,
ಲೀಡರುಗಳ ಮೀಸೆ, ಹುಟ್ಟುಹಬ್ಬದ ಕಟೌಟು.
ವಾಪಸು ಬಂದು ಒಬ್ಬ ಲೀಡರಿನ ಖುರ್ಚಿ ಬರೆದು
ಕೂತವನನ್ನು ಬಿಟ್ಟೆ.
ಅಡ್ವಾನ್ಸು ತಿರುಗಿ ಕೊಡಬೇಕಾಯಿತು.

ಆಮೇಲೆ ಕೋಟೆಯ ರಂಗೀನ್ ಮಹಲು.
ಮೂರು ಸಲ ಬೀಗ, ನಾಲ್ಕನೆಯ ಸಲ ಕಾವಲಿನವ ಕರಗಿದ.
ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು.
ನಿಂತರೆ ಹಸಿರು, ಒಂದು ಹೆಜ್ಜೆಗೆ ಗುಲಾಬಿ,
ಬಗ್ಗಿದರೆ ನಮ್ಮ ಅವ್ವನ ಇಳಕಲ್ಲಿನ ಸೆರಗಿನ ಹೊಳಪು.
ಇದು ಯಾವ ಡಬ್ಬಿಯಲ್ಲಿ ಸಿಗುತ್ತದೆ, ಯಾವ ನಂಬರು?
ನೋಡುವವನ ಕಾಲೇ ಇಲ್ಲಿ ಕುಂಚ.

"ನಾ ಹಿಡೀತೀನಿ, ಕೊಡ್ರಿ ಬೀ."
ಕನ್ನಡಿ ನನ್ನ ಕೈಗೆ ಬಂತು.
ಎರಡು ವರ್ಷದಿಂದ ಈ ಕೈ ನಡುಗುತ್ತದೆ,
ಕೆಲಸ ಬಿಟ್ಟದ್ದೂ ಅದಕ್ಕೇ.
ಮೇಲೆ ಬಳ್ಳಿಗಳು ಅಲುಗಾಡಿದವು,
ಬಂಗಾರ ನೀರಿನಂತೆ ತುಳುಕಿತು.
ಏಳು ಎಸಳಿನ ಹೂವು ಗಾಳಿಗೆ ಬಿದ್ದಂತೆ ತಲೆದೂಗಿತು.
ಸ್ಥಿರ ಹಿಡಿಯಲು ನೋಡಿದೆ, ಆಗಲಿಲ್ಲ.
"ಹಂಗೇ ಇರ್ಲಿ" ಅಂದಳು ಜೈತುನ್‌ಬೀ, ಕತ್ತು ಎತ್ತಿ,
"ಇಪ್ಪತ್ತು ವರ್ಷ ಆಯ್ತು, ಹಿಂಗ್ ನೋಡಿಲ್ಲ ನಾ."

ಬಿಸಿಲು ಹೊಸ್ತಿಲು ದಾಟಿ ಹೊರಟಿತು.
ಕನ್ನಡಿಯನ್ನು ಹಳೆ ಟವೆಲಿನಲ್ಲಿ ಸುತ್ತಿ
ಊಟದ ಡಬ್ಬಿಯ ಪಕ್ಕ ಚೀಲಕ್ಕಿಟ್ಟಳು.
"ಪಡುವಣ ಮೂಲಿ ನೋಡೋದು ಉಳದದ.
ನಾಳೆ ಹತ್ತಕ್ಕ ಬರ್ರಿ, ಜಲ್ದಿ,
ಸಾಲಿ ಹುಡುಗರು ಬರೋದ್ರೊಳಗ."